ತಾತನವರ ಲೇಖನಿ

ಹಿರಿಯರು ಬಿಟ್ಟುಹೋದ ಹೊಲಮನೆಗಳನ್ನು ಹಂಚಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ, ಅದಕ್ಕೆ ನ್ಯಾಯಾಲಯಗಳಿವೆ. ತೊಡಕೆಲ್ಲ ಸಣ್ಣ ವಸ್ತುಗಳಲ್ಲಿಯೇ. ನಮ್ಮ ಮನೆಯಲ್ಲಿ ಅಂತಹದೊಂದಿದೆ: ಒಂದು ಫೌಂಟನ್ ಪೆನ್ನು, ಅದರ ಜೊತೆಯ ಪೆನ್ಸಿಲು, ಎರಡನ್ನೂ ಮಲಗಿಸಿಡುವ ಪೆಟ್ಟಿಗೆ. ನನ್ನ ತಾಯಿಯ ತಂದೆಯವರಿಗೆ 1947ರಲ್ಲಿ ವರೋಪಚಾರವಾಗಿ ಬಂದುದು. ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದ ಅವರು ನಿವೃತ್ತರಾಗುವವರೆಗೂ ಅದರಲ್ಲಿಯೇ ಬರೆದರು. ಅವರು ಕಾಲವಾದ ಮೇಲೆ ಅದು ತಾಯಿಯವರ ಟ್ರಂಕಿನಲ್ಲಿ, ರೇಷ್ಮೆಯ ಸೀರೆಗಳ ನಡುವೆ, ಮೂವತ್ತು ವರ್ಷ ಉಳಿಯಿತು. ಒಳಗಿನ ಮಸಿಯನ್ನು ತೊಳೆದಿಡಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹೋದ ವರ್ಷ ಟ್ರಂಕನ್ನು ತೆರೆದಾಗ ಮನೆಯಲ್ಲಿ ಮೂರು ಪಕ್ಷಗಳು ಹುಟ್ಟಿದವು. ಇಡಬೇಕೆಂದು ತಾಯಿಯವರು, ಮಾರಬೇಕೆಂದು ತಮ್ಮ, ಬರೆಯಬೇಕೆಂದು ನಾನು. ತಮ್ಮನನ್ನು ಲೋಭಿಯೆಂದು ತಾವು ಎಣಿಸಬಾರದು. ಅವನ ವ್ಯಾಪಾರ ಕುಸಿದಿದ್ದ ವರ್ಷವದು. ಮಗಳ ಕಾಲೇಜಿನ ಶುಲ್ಕವನ್ನು ಕಟ್ಟಬೇಕಾಗಿದ್ದಿತು.

ಲೇಖನಿ ಪಾರ್ಕರ್ 51. 1888ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ 1939ರಲ್ಲಿ ಐವತ್ತೊಂದು ವರ್ಷ ತುಂಬಿದುದರಿಂದ ಆ ಹೆಸರು. ಮಸಿ ಒಣಗದಿರಲೆಂದು ಅದರ ನಿಬ್ಬನ್ನು, ತುದಿಯೊಂದನ್ನು ಬಿಟ್ಟು, ಪೂರ್ತಿಯಾಗಿ ಮುಚ್ಚಿರುತ್ತಾರೆ. ಹಿಂಬದಿಯ ಗುಂಡಿಯನ್ನು ಒತ್ತಿ ಬಿಟ್ಟರೆ ಒಳಗಿನ ರಬ್ಬರಿನ ಪೊರೆಯು ಮಸಿಯನ್ನು ನೇರವಾಗಿ ಕೊಳವೆಗೆ ಎಳೆದುಕೊಳ್ಳುವುದು. 1948ರಲ್ಲಿ ಈ ಏರ್ಪಾಡನ್ನು ಬದಲಾಯಿಸಿದರು. ನಮ್ಮದು ಅದಕ್ಕೂ ಹಿಂದಿನದು. ಕೊಳವೆಯ ಮೇಲಿನ 6 ಎಂಬ ಅಂಕೆ 1946ನ್ನು ಸೂಚಿಸುತ್ತದೆ. ರಬ್ಬರು ಪುಡಿಪುಡಿಯಾಗಿ ಹೋಗಿದ್ದಿತು. ಜೋಪಾನವಾಗಿ ಇಟ್ಟೆವೆಂದುಕೊಂಡದ್ದು ಹೀಗಾಯಿತು!

ಹಳೆಯ ಪೆನ್ನುಗಳನ್ನು ಕೊಳ್ಳುವವರೊಬ್ಬರ ಬಳಿಗೆ ನಾನೂ ತಮ್ಮನೂ ಹೋದೆವು. ಮುಚ್ಚಳದ ಮೇಲಿನದು ಬರಿಯ ಚಿನ್ನದ ತೆಳು ಹೊದಿಕೆ; ನಿಬ್ಬಿನ ಚಿನ್ನವೋ ಒಂದು ಗ್ರಾಮಿಗೂ ಕಡಿಮೆ. ಲಕ್ಷಗಟ್ಟಲೆ ತಯಾರಾದ ಮಾದರಿಯಾದುದರಿಂದ ಅಪರೂಪವೆಂಬ ಬೆಲೆಯೂ ಇಲ್ಲ. ಅದರ ಮೇಲೆ ತಾತನವರ ಹೆಸರನ್ನು ಕೆತ್ತಿಸಿದ್ದರು. "ಹೆಸರನ್ನು ಉಜ್ಜಿ ತೆಗೆದರೆ ಇನ್ನೂ ಸ್ವಲ್ಪ ಹೆಚ್ಚು ಬಂದೀತು" ಎಂದರು ಅವರು. ನಾನು ಇನ್ನೂ ಯೋಚಿಸುತ್ತಿದ್ದೆನು. ತಮ್ಮನು ಲೇಖನಿಯನ್ನು ಜೇಬಿಗೆ ಹಾಕಿಕೊಂಡು ಎದ್ದುಬಿಟ್ಟನು. ಶುಲ್ಕವನ್ನು ಇಬ್ಬರೂ ಸೇರಿ ಬೇರೆ ರೀತಿಯಲ್ಲಿ ಹೊಂದಿಸಿದೆವು.

ಬಳಿಕ ಅದನ್ನು ರಿಪೇರಿಗೆ ಕೊಟ್ಟೆನು. ತಣ್ಣೀರಿನಲ್ಲಿ ದಿನಗಟ್ಟಲೆ ನೆನೆಸಿ ಮಸಿಯನ್ನು ಕರಗಿಸಿ, ಹೊಸ ಪೊರೆಯನ್ನು ಹಾಕಿದರು. ತಮ್ಮ ಮನೆಯಲ್ಲಿಯೂ ಇಂತಹ ಲೇಖನಿಯಿದ್ದರೆ ದಯವಿಟ್ಟು ಬಿಸಿನೀರಿಗೆ ಹಾಕಬೇಡಿ. ಹಳೆಯ ಪೆನ್ನುಗಳ ಮೈ ಬಣ್ಣಗೆಡುವುದುಂಟು, ಸೊಟ್ಟಗಾಗುವುದೂ ಉಂಟು.

ಮಸಿಯನ್ನು ತುಂಬಿ ಬರೆಯಲು ಕುಳಿತೆನು. ಕಾಗದವನ್ನು ಪರಚಿತು. ಚಿನ್ನದ ನಿಬ್ಬಿನ ತುದಿಗೆ ಬಲು ಗಟ್ಟಿಯಾದ ಬೇರೊಂದು ಲೋಹದ ಕಣವನ್ನು ಬೆಸೆದಿರುತ್ತಾರೆ. ಅದೂ ವರ್ಷಗಳು ಕಳೆದಂತೆ ಬರೆಯುವವರ ಕೈಯ ಓರೆಗೆ ತಕ್ಕಂತೆ ಸವೆಯುವುದು. ಇದು ತಾತನವರ ಕೈಗೆ ಸವೆದದ್ದು, ನನ್ನ ಕೈಗಲ್ಲ. ಉಪಯೋಗಿಸಬೇಕೆಂದು ಅಷ್ಟು ವಾದಿಸಿದವನಿಗೆ ಉಪಯೋಗಿಸಲು ಬಾರದು.

"ಇಲ್ಲಿ ಕೊಡೋ" ಎಂದರು ತಾಯಿಯವರು. ಹಾಲಿನ ಲೆಕ್ಕದ ಪುಸ್ತಕದಲ್ಲಿ ಆ ದಿನದ ತಾರೀಖನ್ನು ಬರೆದರು. ಸದ್ದೇ ಇಲ್ಲ. ಅವರಿಗೆ ಕೈಹಿಡಿದು ಅಕ್ಷರವನ್ನು ತಿದ್ದಿಸಿದವರು ಅವರ ತಂದೆಯೇ. ಹಿಡಿತವೂ ಓರೆಯೂ ಅವರದೇ. ಬರೆದುದನ್ನು ಸ್ವಲ್ಪ ಹೊತ್ತು ನೋಡಿ, ಕೆಳಗೆ "ಅರ್ಧ ಲೀಟರು" ಎಂದು ಸೇರಿಸಿದರು.

ಅಂದಿನಿಂದ ಹಾಲಿನ ಲೆಕ್ಕವೂ ಅಗಸನ ಲೆಕ್ಕವೂ ಅದರಲ್ಲಿಯೇ. ಮಸಿ ತುಂಬುವುದು ನನ್ನ ಪಾಲಿನ ಕೆಲಸ. ಪೆನ್ಸಿಲನ್ನು ತಮ್ಮನ ಮಗಳು ಕೇಳಿದ್ದಾಳೆ. ಜೋಡಿಯನ್ನು ಅಗಲಿಸಬಾರದೆಂದು ತಾಯಿಯವರು ಇನ್ನೂ ಒಪ್ಪಿಲ್ಲ.