ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಉಳಿಸಿಕೊಳ್ಳೋಣ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಸಭೆಯಲ್ಲಿ ವಿಡಿಯೋ ಕ್ಯಾಸೆಟ್ಟಿನ ಮಾತೇಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ತೊಂಬತ್ತರ ದಶಕದಲ್ಲಿ ನಮ್ಮ ಬೂದಿಗೆರೆ ಕಡೆಯ ಮದುವೆ, ಗೃಹಪ್ರವೇಶಗಳಲ್ಲಿ ತೆಗೆಸಿದ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಈಗ ನಮ್ಮೊಂದಿಗಿಲ್ಲದ ಅಜ್ಜ ಅಜ್ಜಿಯರ ಮುಖ, ದನಿ ಅದರಲ್ಲಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಎಷ್ಟೋ ರಾಗಿ ಹೊಲ, ದ್ರಾಕ್ಷಿ ತೋಟ ಲೇಔಟುಗಳಾದವು. ದಿಬ್ಬಣದ ಹಿಂದೆ ಅವು ಇನ್ನೂ ಹಸಿರಾಗಿ ಕಾಣುತ್ತವೆ.

ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಅಯಸ್ಕಾಂತದ ಪುಡಿ. ವರ್ಷ ಕಳೆದಂತೆ ಅಂಟು ಸಡಿಲವಾಗುತ್ತದೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಯಂತ್ರದ್ದು. 2016ರ ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿಯೂ ವಿಸಿಆರ್ ತಯಾರಿಕೆ ನಿಲ್ಲಿಸಿತು. ಇರುವ ಹಳೇ ಯಂತ್ರಗಳು ಕೆಟ್ಟರೆ ಕ್ಯಾಸೆಟ್ಟು ಚೆನ್ನಾಗಿದ್ದೂ ಏನು ಪ್ರಯೋಜನ?

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ವಿಸಿಆರಿನಿಂದ ಬರುವ ಹಳದಿ ತಂತಿ ಚಿತ್ರಕ್ಕೆ, ಕೆಂಪು ಬಿಳಿ ತಂತಿಗಳು ಶಬ್ದಕ್ಕೆ. ಅವನ್ನು ಒಂದು ಸಣ್ಣ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರಿಗೆ ಸೇರಿಸಬೇಕು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅವಸರ ನಡೆಯದು. ಬೂಷ್ಟು ಹಿಡಿದದ್ದನ್ನು ಹಾಗೇ ತುರುಕಬೇಡಿ. ಯಂತ್ರದ ಹೆಡ್ಡು ಕೊಳೆಯಾಗಿ ಮುಂದಿನ ಕ್ಯಾಸೆಟ್ಟೂ ಕೆಡುತ್ತದೆ. ಕ್ಯಾಸೆಟ್ಟಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮೊದಲೇ ಮುರಿದುಬಿಡಿ, ಕೈತಪ್ಪಿ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಬಂದ ಫೈಲನ್ನು ಎರಡು ಕಡೆ ಇಡಿ: ಒಂದು ನಮ್ಮ ಮನೆಯಲ್ಲಿ, ಇನ್ನೊಂದು ನೆಂಟರ ಮನೆಯಲ್ಲಿ. ಮೊಬೈಲೊಂದರಲ್ಲೇ ಇಟ್ಟರೆ ಮೊಬೈಲು ಕಳೆದ ದಿನ ಅದೂ ಹೋಯಿತು. ಮೂಲ ಕ್ಯಾಸೆಟ್ಟನ್ನೂ ಎಸೆಯಬೇಡಿ.

ಇನ್ನೊಂದು ಮಾತು. ಚಿತ್ರ ಉಳಿದರೆ ಸಾಲದು, ಅದರಲ್ಲಿರುವವರ ಹೆಸರೂ ಉಳಿಯಬೇಕು. ಸೋಬಾನೆ ಹೇಳುತ್ತಿರುವ ಆ ಅಮ್ಮ ಯಾರು, ಯಾವ ಮನೆಯವರು ಅಂತ ಗುರುತು ಹಿಡಿಯುವ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರನ್ನು ಕೂರಿಸಿಕೊಂಡು ನೋಡೋಣ, ಬರೆದಿಡೋಣ. ಟೇಪಿಗಿಂತ ಮೊದಲು ಹೋಗುವುದು ಆ ನೆನಪು.

ಒಬ್ಬೊಬ್ಬರೇ ವಿಸಿಆರ್ ಹುಡುಕುವುದು ಕಷ್ಟ. ಒಬ್ಬನಿಂದಾಗದ್ದನ್ನು ಹತ್ತು ಜನ ಸೇರಿ ಮಾಡುವುದೇ ಸಹಕಾರ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಾಕಿಕೊಟ್ಟ ದಾರಿ ಅದು. ಸುಸ್ಥಿತಿಯಲ್ಲಿರುವ ಒಂದು ವಿಸಿಆರ್, ಒಂದು ಕಂಪ್ಯೂಟರ್ ಸಂಘದ ಕಟ್ಟಡದಲ್ಲಿದ್ದರೆ ಊರಿಗೆಲ್ಲ ಸಾಕು. ಕೆಲಸಕ್ಕೆ ಕೂರಲು ನಾವು ಸಿದ್ಧರಿದ್ದೇವೆ. ಈ ವರ್ಷವೇ ಆಗಲಿ ಎಂದು ಆಡಳಿತ ಮಂಡಳಿಯನ್ನು ಕೇಳಿಕೊಂಡು ಮಾತು ಮುಗಿಸುತ್ತೇವೆ.