ನಡುವೆ ನಿಂತ ಆಟ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕ್ರಿಕೆಟ್ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗದ್ದೆ ಕೊಯ್ಲು ಮುಗಿದರೆ ಸಾಕು, ಅದೇ ನಿಮ್ಮ ಮೈದಾನ. ಇಂದು ಅದರ ದೂರದ ನೆಂಟನಾದ ಬೇಸ್‌ಬಾಲ್ ಆಟಗಾರನೊಬ್ಬನ ವಿಷಯ ಹೇಳುತ್ತೇನೆ. ಆ ಆಟದಲ್ಲಿ ಚೆಂಡೆಸೆಯುವವನಿಗೆ ಪಿಚ್ಚರ್ ಎನ್ನುತ್ತಾರೆ. ಮೂರು ಸ್ಟ್ರೈಕ್ ಆದರೆ ಎದುರಿನ ಬ್ಯಾಟುಗಾರ ಔಟ್.

ಬಾಬ್ ಫೆಲ್ಲರ್ 1918ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವ್ಯಾನ್ ಮೀಟರ್ ಎಂಬಲ್ಲಿ ರೈತನ ಮಗನಾಗಿ ಹುಟ್ಟಿದ. ಮಗನ ಕೈಯ ವೇಗ ಕಂಡ ತಂದೆ ತಮ್ಮ ಹೊಲದಲ್ಲೇ ಆಟದ ಮೈದಾನ ಮಾಡಿಕೊಟ್ಟರು. 1936ರಲ್ಲಿ, 17ನೆಯ ವಯಸ್ಸಿಗೆ ಕ್ಲೀವ್‌ಲ್ಯಾಂಡ್ ತಂಡ ಸೇರಿ, ಒಂದೇ ಪಂದ್ಯದಲ್ಲಿ 15 ಮಂದಿಯನ್ನು, ಮುಂದಿನ ತಿಂಗಳು ಮತ್ತೊಂದರಲ್ಲಿ 17 ಮಂದಿಯನ್ನು ಹೀಗೆ ಔಟ್ ಮಾಡಿದ. ದೇಶವೆಲ್ಲ ಹೆಸರಾಯಿತು. ಆದರೂ ಊರಿಗೆ ಮರಳಿ 1937ರಲ್ಲಿ ಹೈಸ್ಕೂಲು ಮುಗಿಸಿದ. ವಿದ್ಯಾರ್ಥಿಗಳೆ, ಇದನ್ನು ಗಮನಿಸಿ.

1941ರ ಕೊನೆಗೆ ಅವನಿಗೆ 23 ವರ್ಷ, ಗೆಲುವುಗಳು 107. ಡಿಸೆಂಬರ್ 7ರಂದು ಹೊಸ ಒಪ್ಪಂದಕ್ಕೆ ಸಹಿ ಹಾಕಲು ಕಾರಿನಲ್ಲಿ ಹೊರಟಿದ್ದಾಗ ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಸುದ್ದಿ ರೇಡಿಯೋದಲ್ಲಿ ಬಂತು. ತಂದೆಗೆ ಕ್ಯಾನ್ಸರ್. ಮನೆಗೆ ಅವನೇ ಆಧಾರವಾದ್ದರಿಂದ ಸೈನ್ಯಕ್ಕೆ ಹೋಗದಿರಲು ವಿನಾಯಿತಿ ಇತ್ತು. ಆದರೂ ಅದೇ ವಾರ ನೌಕಾಪಡೆ ಸೇರಿದ. ಅಲಬಾಮಾ ಎಂಬ ಯುದ್ಧನೌಕೆಯಲ್ಲಿ ವಿಮಾನ ಹೊಡೆಯುವ ತೋಪಿನ ತಂಡದ ಮುಖ್ಯಸ್ಥನಾದ. 1943ರಲ್ಲಿ ತಂದೆ ತೀರಿಕೊಂಡಾಗ ಮಗ ಇನ್ನೂ ಸೇವೆಯಲ್ಲೇ ಇದ್ದ.

ಹೀಗೆ ಸುಮಾರು ನಾಲ್ಕು ಹಂಗಾಮು ಹೋಯಿತು. 1945ರ ಆಗಸ್ಟ್‌ನಲ್ಲಿ ಮರಳಿದ. 1946ರಲ್ಲಿ 26 ಗೆಲುವು, 348 ಸ್ಟ್ರೈಕ್ಔಟ್! ಒಟ್ಟು ಗೆಲುವು 266ಕ್ಕೆ ನಿಂತಿತು. ಆ ವರ್ಷಗಳು ಕೈಯಲ್ಲಿದ್ದರೆ 300 ದಾಟುತ್ತಿದ್ದನೆಂದು ಬಲ್ಲವರ ಅಂದಾಜು. 1962ರಲ್ಲಿ ಆ ಆಟದ ಅತ್ಯುನ್ನತ ಗೌರವ ಸಿಕ್ಕಿತು. 2010ರಲ್ಲಿ ಅವನು ತೀರಿಕೊಂಡ.

ನಮ್ಮಲ್ಲೂ ಇಂಥವರಿದ್ದಾರೆ. ಪುಣೆಯಲ್ಲಿ ಹುಟ್ಟಿದ ಹೇಮು ಅಧಿಕಾರಿಯವರು ಹದಿಹರೆಯದಲ್ಲೇ ರಣಜಿ ಆಡಿದರು. ಮಹಾಯುದ್ಧ ಮತ್ತು ಸೈನ್ಯದ ಸೇವೆಯ ನಡುವೆ ಮೊದಲ ಟೆಸ್ಟ್ ಆಡುವಾಗ 1947, ಅವರಿಗೆ 28 ವರ್ಷ. ಒಟ್ಟು 21 ಟೆಸ್ಟ್ ಆಡಿದರು. 1971ರಲ್ಲಿ ಇಂಗ್ಲೆಂಡಿನಲ್ಲಿ ಸರಣಿ ಗೆದ್ದ ನಮ್ಮ ತಂಡದ ವ್ಯವಸ್ಥಾಪಕರು ಅವರೇ.

ಈ ಸಭೆಯಲ್ಲಿ ಕುಳಿತವರ ಮನೆಗಳಲ್ಲೂ ನಡುವೆ ನಿಂತ ಓದುಗಳಿವೆ. ತಂದೆಯ ಕಾಯಿಲೆಗೆ ಮಗ ಗ್ಯಾರೇಜು ಸೇರಿದ್ದಾನೆ. ಬಸ್ಸಿಲ್ಲವೆಂದು ಮಗಳು ಹತ್ತನೆಯ ತರಗತಿಗೇ ಮನೆಯಲ್ಲಿ ಉಳಿದಿದ್ದಾಳೆ. ಫೆಲ್ಲರ್ ಮರಳಿ ಬಂದಾಗ ತಂಡದಲ್ಲಿ ಅವನ ಜಾಗವಿತ್ತು. ನಮ್ಮ ಮಕ್ಕಳಿಗೆ ಆ ಜಾಗವನ್ನು ಕಾದಿಡಬೇಕಾದವರು ನಾವು. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಬರೆಯಬಹುದು. ಪದವಿಗೆ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಸದಸ್ಯರೆ, ಬಹುಮಾನ ಪಡೆದವರ ಪಟ್ಟಿಯ ಜೊತೆಗೆ ಓದು ನಿಲ್ಲಿಸಿದವರ ಪಟ್ಟಿಯನ್ನೂ ಮಾಡಿ, ಅವರ ಮನೆಗೆ ಹೋಗಿ ಬನ್ನಿ. ವಿದ್ಯಾರ್ಥಿಗಳೆ, ನಿಮ್ಮ ಹಳೆಯ ಪುಸ್ತಕಗಳನ್ನು ಅವರಿಗೆ ಕೊಡಿ.