ಅರಳಿಕಟ್ಟೆಗೆ ಟೈಲ್ಸ್ ಹಾಕೋ ಮುಂಚೆ

ಇವತ್ತು ನಮ್ಮೂರ ಬಸ್ ಸ್ಟಾಪ್ ಎದುರಿಗಿರೋ ಅರಳಿಕಟ್ಟೆ ಬಗ್ಗೆ ಮಾತಾಡ್ತೀನಿ. ನಿಮ್ಮೂರಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ.

ನಾನು ಚಿಕ್ಕವನಿದ್ದಾಗ ಅದು ಬರೀ ಕಲ್ಲುಚಪ್ಪಡಿ ಕಟ್ಟೆ. ನಡುವೆ ಮಣ್ಣು, ಮಣ್ಣಲ್ಲಿ ಮರ. ಸಂತೆಗೆ ಬಂದವರು ಗಂಟು ಇಳಿಸಿ ಕೂರ್ತಿದ್ರು, ಅಜ್ಜಂದಿರು ಪೇಪರ್ ಓದ್ತಿದ್ರು, ನಾವು ಚೌಕಾಬಾರ ಆಡ್ತಿದ್ವಿ. ಕೆಲವು ವರ್ಷದ ಹಿಂದೆ ‘ಸುಂದರೀಕರಣ’ ಆಯ್ತು. ಹೊಳೆಯೋ ಟೈಲ್ಸ್, ಮರದ ಬುಡಕ್ಕೇ ಅಂಟಿಕೊಂಡ ಕಾಂಕ್ರೀಟ್, ಸುತ್ತ ಸ್ಟೀಲ್ ಗ್ರಿಲ್, ಅದಕ್ಕೊಂದು ಬೀಗ. ಉದ್ಘಾಟನೆ ದಿನ ನಾನೂ ಸೆಲ್ಫಿ ತಗೊಂಡೆ, ಸುಳ್ಳು ಹೇಳಲ್ಲ.

ಆಮೇಲೆ ಒಂದು ಕಡೆಯ ಕೊಂಬೆಗಳು ಒಣಗೋಕೆ ಶುರುವಾದ್ವು. ನೆರಳು ಕಮ್ಮಿಯಾಯ್ತು, ಟೈಲ್ಸ್ ಕಾದು ಕೂರೋಕಾಗಲ್ಲ. ಮಳೆ ಬಂದ್ರೆ ಕಾಲು ಜಾರುತ್ತೆ.

ಬೇರಿಗೂ ಗಾಳಿ ಬೇಕು. ನೀರು, ಗಾಳಿ ಎರಡೂ ಮಣ್ಣಿನ ಸಂದಿಯಿಂದಲೇ ಇಳಿಯಬೇಕು. ನೀರು ಹೀರುವ ಎಳೆಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ದೂರದವರೆಗೆ ಹರಡಿರುತ್ತವೆ. ದೆಹಲಿಯಲ್ಲೂ ಇದೇ ಗೋಳಿತ್ತು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಮರಗಳ ಸುತ್ತ 1 ಮೀಟರ್ ಒಳಗಿನ ಕಾಂಕ್ರೀಟ್ ತೆಗೀರಿ ಅಂತ ಅಲ್ಲಿಗೆ ಆದೇಶ ಕೊಟ್ಟಿತ್ತು.

ಲ್ಯಾಂಡ್‌ಸ್ಕೇಪ್ ಡಿಸೈನ್ ಅಂದ್ರೆ ಹುಲ್ಲುಹಾಸು, ಕಾರಂಜಿ ಅಂದ್ಕೋತೀವಿ. ಊರಿನ ಜಾಗಕ್ಕೆ ಅದು ಮೂರೇ ಪ್ರಶ್ನೆ. ನೆರಳು ಎಲ್ಲಿ ಬೀಳುತ್ತೆ? ಮಳೆನೀರು ಎಲ್ಲಿಗೆ ಹೋಗುತ್ತೆ? ಜನ ಈಗಾಗಲೇ ಎಲ್ಲಿ ಕೂರ್ತಾರೆ, ಯಾವ ಕಡೆಯಿಂದ ನಡೆದು ಬರ್ತಾರೆ? ಇದನ್ನ ನೋಡದೆ ಹಾಕಿದ ಟೈಲ್ಸ್ ಫೋಟೋಗೆ ಮಾತ್ರ ಚೆಂದ.

ನಾವು ನಾಲ್ಕು ಜನ ಗ್ರಾಮಸಭೆಗೆ ಹೋದ್ವಿ. “ಅಷ್ಟು ದುಡ್ಡು ಸುರಿದು ಕಟ್ಟಿದ್ದನ್ನ ಈಗ ಒಡೀಬೇಕೇನ್ರಪ್ಪ?” ಅಂತ ಒಬ್ರು ರೇಗಿದ್ರು. ಹಿಂದೆ ಕೂತಿದ್ದ ಹೂವಿನ ಅಜ್ಜಿ, “ಮರ ಹೋದ್ಮೇಲೆ ಕಟ್ಟೆ ಇಟ್ಕೊಂಡು ಏನ್ ಮಾಡ್ತೀಯಪ್ಪಾ?” ಅಂದ್ರು. ಸಭೆ ಸುಮ್ಮನಾಯ್ತು.

ಬುಡದ ಸುತ್ತಲಿನ ಕಾಂಕ್ರೀಟನ್ನ ಸುತ್ತಿಗೆ, ಚಾಣದಲ್ಲೇ ಬಿಡಿಸಿದ್ವಿ. ಮೆಷಿನ್ ತಂದ್ರೆ ಬೇರು ಕಿತ್ತುಹೋಗುತ್ತೆ. ಬೀಗ ತೆಗೆಸಿದ್ವಿ. ಒಣಗಿದ ಕೊಂಬೆ ಮತ್ತೆ ಚಿಗುರಲ್ಲ. ಉಳಿದ ಮರ ಉಳಿದ್ರೆ ಸಾಕು ಅಂತ ಕಾಯ್ತಿದ್ದೀವಿ. ಅಜ್ಜಿ ಮಾತ್ರ ಹೂವಿನ ಬುಟ್ಟಿ ತಂದು ಅಲ್ಲೇ ಕೂತಿದ್ದಾರೆ.

ನಿಮ್ಮೂರಲ್ಲಿ ಸುಂದರೀಕರಣದ ಮಾತು ಬಂದ್ರೆ, ಒಂದು ಕೆಲಸ ಮಾಡಿ. ಆ ಜಾಗದ ಫೋಟೋನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೀರಿ. ಮಳೆ ಬಂದಾಗ ಇನ್ನೊಂದು. ಗ್ರಾಮಸಭೆಗೆ ಫೋನ್ ಹಿಡ್ಕೊಂಡು ಹೋಗಿ, ತೋರಿಸಿ. ಟೈಲ್ಸ್ ಹಾಕಿದ್ಮೇಲೆ ಅಲ್ಲ, ಹಾಕೋ ಮುಂಚೆ.